ದಾರಿಯ ನೆನಪಿನ ಮಡಕೆ

ಬಹಳ ಬಹಳ ಹಿಂದೆ, ನೀಲಗೆರೆ ಎಂಬ ರಾಜ್ಯದಲ್ಲಿ ದ್ಯಾವಕ್ಕನೆಂಬ ಹೆಂಗಸು ಎಮ್ಮೆ ಸಾಕಿಕೊಂಡು ಹಾಯಾಗಿದ್ದಳು. ಒಂದು ಸಂಜೆ ಮೇಯಲು ಹೋದ ಎಮ್ಮೆ ಮರಳಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊಟ್ಟಿಗೆಯಲ್ಲಿ ಎಳೆಗರು ಹಾಲಿಲ್ಲದೆ ಒರಲತೊಡಗಿತು. ಊರಿನವರ ದನಗಳೂ ಹೀಗೆಯೇ ದಾರಿ ತಪ್ಪಿ ಮರಳಲಿಲ್ಲ. ವರ್ಷ ವರ್ಷವೂ ಕೆರೆಯ ಮರಗಳಲ್ಲಿ ಗೂಡು ಕಟ್ಟುತ್ತಿದ್ದ ಕೊಕ್ಕರೆಗಳು ಈ ಸಲ ಇಳಿಯದೆ ಹಾರಿಹೋದವು.

ಕರಿಗುಡ್ಡದ ಮಾಂತ್ರಿಕ ಮಂಕರಸ ಪ್ರಾಣಿಗಳ ದಾರಿಯ ನೆನಪನ್ನೆಲ್ಲ ಸೆಳೆದು ಒಂದು ಮಡಕೆಯಲ್ಲಿ ಮುಚ್ಚಿಟ್ಟಿದ್ದಾನೆ, ಅದನ್ನು ಬಿಡಿಸಬಲ್ಲವರು ಮುಂದೆ ಬರಲಿ ಎಂದು ರಾಜ ಡಂಗುರ ಹೊಡೆಸಿದ. ಯಾರೂ ಮುಂದೆ ಬರಲಿಲ್ಲ. ಕರುವಿಗೆ ಮೇಕೆಯ ಹಾಲು ಕುಡಿಸಲು ನೆರೆಯವಳಿಗೆ ಹೇಳಿ ದ್ಯಾವಕ್ಕ ಹೊರಟೇಬಿಟ್ಟಳು.

ಗುಡ್ಡದ ಬುಡದಲ್ಲಿ ಹುಲಿಯೊಂದು ಅಡ್ಡ ನಿಂತಿತು. ಮರಿಗಳಿರುವ ಗವಿ ಮರೆತಿದೆ, ತೋರಿಸಿದರೆ ಬಿಡುತ್ತೇನೆ ಎಂದಿತು. ದ್ಯಾವಕ್ಕ ಬಂಡೆ ಬಂಡೆಗೂ ಕಿವಿಯಿಟ್ಟು, ಮರಿಗಳ ಮುಲುಕು ಕೇಳಿದ ಕಡೆ ಅದನ್ನು ಮುಟ್ಟಿಸಿದಳು. ನಡುಗುಡ್ಡದಲ್ಲಿ ಆನೆ ತಡೆಯಿತು. ನೀರಿನ ಜಾಗ ಮರೆತು ಅದರ ಗಂಟಲು ಒಣಗಿತ್ತು. ಹಸುರು ಹುಲ್ಲಿನ ಜಾಡು ಹಿಡಿದು ಅವಳು ಒರತೆ ತೋರಿಸಿದಳು. ಆನೆ ಮನದಣಿಯೆ ಕುಡಿದು ದಾರಿ ಬಿಟ್ಟಿತು.

ತುದಿಯಲ್ಲಿ ಮಂಕರಸ ಮಡಕೆಯ ಮುಂದೆ ಕೂತಿದ್ದ. ಸುತ್ತ ಬೋನು, ಉರುಲು. ಮುಚ್ಚಳ ತೆಗೆದವರು ತಮ್ಮ ಮನೆಯ ದಾರಿ ಮರೆಯುತ್ತಾರೆಂದು ಎಚ್ಚರಿಸಿದ. ಇದೆಲ್ಲ ಯಾಕೆಂದು ಅವಳು ಕೇಳಿದಳು.

"ಇಲ್ಲಿಗೆ ಒಮ್ಮೆ ಬಂದ ಪ್ರಾಣಿ ಮತ್ತೆ ಬರುವುದಿಲ್ಲ. ನನ್ನಲ್ಲಿಗೆ ಬಾರದವು ಎಲ್ಲಿಗೂ ಹೋಗಬಾರದು."

"ಬಂದವಕ್ಕೆ ನೀವು ಏನು ಕೊಟ್ಟಿರಿ, ಸ್ವಾಮಿ?"

ಮಂಕರಸ ಸುತ್ತಲಿನ ಬೋನುಗಳತ್ತ ನೋಡಿದ. ದ್ಯಾವಕ್ಕನಿಗೆ ಕರುವಿನ ಕೂಗು ನೆನಪಾಯಿತು. ಮುಚ್ಚಳ ತೆಗೆದಳು. ಒಳಗಿದ್ದ ನೆನಪುಗಳೆಲ್ಲ ತಂಗಾಳಿಯಾಗಿ ಬೀಸಿಹೋದವು, ಮಡಕೆ ಒಡೆಯಿತು, ಮಂಕರಸನ ಮಾಯೆಯೂ ಅದರೊಂದಿಗೆ ಹೋಯಿತು.

ಮನೆ ಯಾವ ದಿಕ್ಕಿಗೆಂದು ದ್ಯಾವಕ್ಕನಿಗೆ ತಿಳಿಯದಾಯಿತು. ಅಷ್ಟರಲ್ಲಿ ನೆತ್ತಿಯ ಮೇಲೆ ಕೊಕ್ಕರೆಗಳ ಸಾಲು ಹಾರಿತು. ಅವಕ್ಕೆ ತನ್ನೂರಿನ ಕೆರೆ ನೆನಪಾಗಿರಬೇಕೆಂದು ನಂಬಿ ಅವಳು ಅವುಗಳ ಹಿಂದೆಯೇ ಮೂರು ಹಗಲು ನಡೆದಳು. ಮನೆ ಸೇರಿದಾಗ ಎಮ್ಮೆ ಅವಳಿಗಿಂತ ಮೊದಲೇ ಬಂದಿತ್ತು. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು. ರಾಜ್ಯವೆಲ್ಲ ನಲಿಯಿತು.

ಅತ್ತ ಮಂಕರಸ ಬೋನುಗಳನ್ನು ಸುಟ್ಟು, ಕಲ್ಲಿನ ತೊಟ್ಟಿ ಕಡೆದು ದಿನವೂ ನೀರು ತುಂಬತೊಡಗಿದ. ಮೊದಲ ವರ್ಷ ಯಾವ ಪ್ರಾಣಿಯೂ ಸುಳಿಯಲಿಲ್ಲ. ಎರಡನೆಯ ವರ್ಷ ಒಂದು ಜಿಂಕೆ ಹೆದರುತ್ತ ಬಂದು, ಎರಡು ಗುಟುಕು ಕುಡಿದು ಓಡಿಹೋಯಿತು. ಮೂರನೆಯ ವರ್ಷ ಅದೇ ಜಿಂಕೆ ತನ್ನ ಮರಿಯನ್ನೂ ಕರೆದುಕೊಂಡು ಬಂತು.