ಮಡಚಿದ ಅರ್ಜಿ

"ಇಲ್ಲೊಂದು ರುಜು ಹಾಕು ಹೂವಿ. ನಾಡಿದ್ದರೊಳಗೆ ಕೊಡಬೇಕು."

ತಿಂಗಳಾದ ಮೇಲೆ ಮುಖ ತೋರಿಸಿದ ಗಂಡ ಆಡಿದ ಮೊದಲ ಮಾತು ಇದು! ಹೂವಮ್ಮನಿಗೆ ಆಗ ಎಂಟು ತಿಂಗಳು. ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ನೀರು ನಿಂತ ಮರುವರ್ಷದ ಮಾತಿದು. ಸಾಗರದಿಂದ ಹೊರಟು, ಹೊಸನಗರದಲ್ಲಿ ತಾಸುಗಟ್ಟಲೆ ಬಸ್ಸು ಕಾದು, ಕೋಣಂದೂರಿನ ಅತ್ತೆಮನೆಗೆ ಬಂದ ಅಂಜನಪ್ಪ ಹೆಂಡತಿಯನ್ನು ಹೇಗಿದ್ದೀಯ ಎಂದು ಕೇಳಲಿಲ್ಲ. ಜೇಬಿನಿಂದ ಒಂದು ಅರ್ಜಿ ತೆಗೆದು ಚಾಪೆಯ ಮೇಲಿಟ್ಟ.

ಅರ್ಜಿಯ ಮೇಲರ್ಧವನ್ನು ಹಿಂದಕ್ಕೆ ಮಡಚಿ ಗುಂಡುಸೂಜಿ ಚುಚ್ಚಲಾಗಿತ್ತು. ರುಜುವಿನ ಗೆರೆಯೊಂದೇ ಕಾಣುತ್ತಿತ್ತು.

"ಎಂತದಿದು?"

"ಕಾರ್ಖಾನೆಯ ವಿಮೆದು. ನಿನ್ನ ರುಜು ಇಲ್ಲ ಅಂತ ವಾಪಸ್ಸು ಕೊಟ್ರು. ಸಾಗರದ ಆಸ್ಪತ್ರೇಲಿ ಹೆರಿಗೆ ಮಾಡಿಸ್ತಾರೆ. ಲೇಡಿ ಡಾಕ್ಟ್ರು ಇದಾರೆ. ಎಲ್ಲಾ ಪುಕ್ಕಟೆ. ನಿನ್ನ ಕರ್ಕೊಂಡು ಹೋಗಕ್ಕೆ ಬಂದೀನಿ."

ಒಳಗೆ ಹಳೆ ಸೀರೆ ಹರಿದು ಮಗುವಿಗೆ ಬಟ್ಟೆ ಮಾಡುತ್ತಿದ್ದ ತಾಯಿ ಕೆರಿಯಮ್ಮನ ಕೈ ನಿಂತಿತು.

"ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕು ಅಳಿಯಂದ್ರೆ. ಬಯಕೆ ಊಟ ಹಾಕಿ ಊರಿಗೆಲ್ಲಾ ಹೇಳಿ ಕರ್ಕೊಂಡು ಬಂದೀವಿ. ಈಗ ವಾಪಸ್ಸು ಕಳ್ಸಿದ್ರೆ ಜನ ನನ್ನ ಏನಂತಾರೆ? ಸೂಲಗಿತ್ತಿ ಹುಲಿಗೆಮ್ಮಂಗೂ ಹೇಳಿಟ್ಟೀನಿ."

"ಸೂಲಗಿತ್ತಿ ಬ್ಯಾಡ ಅತ್ತೆ."

"ಯಾಕೆ ಬ್ಯಾಡ? ಇವಳನ್ನೂ ಅವಳೇ ಎತ್ತಿದ್ದು."

ಅಂಜನಪ್ಪ ಹೆಂಡತಿಯ ಹೊಟ್ಟೆಯ ಕಡೆ ನೋಡಿ ಮುಖ ತಿರುಗಿಸಿಕೊಂಡ.

"ಸಂಬಳದಲ್ಲಿ ವಿಮೆಗೆ ಅಂತ ಹಿಡೀತಾರೆ. ಸುಮ್ನೆ ಯಾಕೆ ಕಳ್ಕೊಳ್ಳೋದು... ಅದಕ್ಕೇ."

ಅಷ್ಟೇನಾ? ನಾನು, ನನ್ನ ಮಗು, ಎಲ್ಲ ಇವರಿಗೆ ಉಳಿತಾಯದ ಲೆಕ್ಕವಾ? ನೆಂಟಸ್ತಿಕೆ ಗಟ್ಟಿಯಾದ ಮೇಲೆ ಈ ಮನುಷ್ಯ ಪ್ರಾಣದಂತೆ ಸಾಕಿದ ಜೋಡಿ ಎತ್ತುಗಳನ್ನು ಮಾರಿ, ಗಾಡಿ ಬಿಟ್ಟು, ಹಂಚಿನ ಕಾರ್ಖಾನೆ ಸೇರಿದ್ದ. ಹಂಚು ಸುಡುವ ಗೂಡಿನ ಬೆಂಕಿಯ ಮುಂದೆ ಬೇಯಲು ಯಾರಾದರೂ ಹೋಗುತ್ತಾರೆಯೇ ಎಂದು ಊರೆಲ್ಲ ನಕ್ಕಿತ್ತು. ದುಡ್ಡಿನ ಆಸೆ ಅಂತ ಅವ್ವ ಅಂದಾಗ ಅವಳೇ ಗಂಡನ ಪರ ಜಗಳ ಆಡಿದ್ದಳು. ಈಗ ನೋಡಿದರೆ ಅವ್ವನ ಮಾತೇ ದಿಟವಾಗುತ್ತಿದೆ.

"ನಾನು ಬರಲ್ಲ," ಎಂದಳು ಮೆಲ್ಲಗೆ. "ಪುಕ್ಕಟೆ ಸಿಗುತ್ತೆ ಅಂತ ಹೆರಕ್ಕೆ ನಂಗೆ ಆಗಲ್ಲ."

ಅಂಜನಪ್ಪ ಅತ್ತೆ ಕೊಟ್ಟ ಬೆಲ್ಲದ ಕಾಫಿಯನ್ನೂ ಕುಡಿಯದೆ ಎದ್ದ. "ಸಂಜೆ ಬಸ್ಸಿಗೆ ಹೋಗ್ತೀನಿ. ಅಲ್ಲೀವರೆಗೂ ಬಸ್ಸಿನ ಕಟ್ಟೆ ಹತ್ರ ಇರ್ತೀನಿ. ಮನಸ್ಸು ಬಂದ್ರೆ..." ಎಂದವನು ಮಾತು ಮುಗಿಸದೆ ಹೊರಟುಹೋದ. ಅರ್ಜಿ ಚಾಪೆಯ ಮೇಲೆಯೇ ಉಳಿಯಿತು.

ಕೋಪ ಬಂದ ಹೆಂಗಸಿನ ಎದುರು ಸೂಜಿ ಚುಚ್ಚಿದ ಕಾಗದ ಎಷ್ಟು ಹೊತ್ತು ಮುಚ್ಚಿಕೊಂಡಿದ್ದೀತು? ಏಳನೇ ಕ್ಲಾಸಿನವರೆಗೆ ಓದಿದ್ದ ಹೂವಮ್ಮ ಸೂಜಿ ಕಿತ್ತಳು.

ಅದು ಅವನು ಕೆಲಸಕ್ಕೆ ಸೇರಿದ ದಿನ ಬರೆಸಿದ ಅರ್ಜಿ. ತಾರೀಖು ಅವರ ಮದುವೆಗೆ ಮೂರು ವಾರ ಮೊದಲಿನದು.

ಹೆಂಡತಿ: ಹೂವಮ್ಮ. ಮದುವೆ ನಿಶ್ಚಯವಾಗಿದೆ.

ಮದುವೆಗೂ ಮೊದಲೇ ನನ್ನ ಹೆಸರಾ? ಅವಳ ಕಣ್ಣು ಕೆಳಗಿನ ಸಾಲಿಗೆ ಇಳಿಯಿತು.

ತಾಯಿ: ಇಲ್ಲ. ಸತ್ತಾಗ ವಯಸ್ಸು: ಇಪ್ಪತ್ತೆರಡು. ಕಾರಣ: ಮನೆಯಲ್ಲಿ ಹೆರಿಗೆ. ಮಗುವೂ ಉಳಿಯಲಿಲ್ಲ.

ಹೂವಮ್ಮ ಮತ್ತೊಮ್ಮೆ ಓದಿದಳು. ತನ್ನ ಅವ್ವ ಜ್ವರ ಬಂದು ಸತ್ತಳು ಎಂದಲ್ಲವೇ ಅವನು ಹೇಳಿದ್ದು? ಬರುವ ಯುಗಾದಿಗೆ ಅವಳಿಗೂ ಇಪ್ಪತ್ತೆರಡು.

ಹೆರಿಗೆಯಲ್ಲಿ ಸತ್ತವರ ಸುದ್ದಿ ಬಸುರಿಯ ಕಿವಿಗೆ ಬೀಳಬಾರದು. ಅದನ್ನು ಯಾರೂ ಆಡುವುದಿಲ್ಲ, ಶತ್ರುವೂ ಆಡುವುದಿಲ್ಲ. ವಿಮೆಯ ಕಾಗದಕ್ಕೆ ಸುಳ್ಳು ಹೇಳುವಂತಿಲ್ಲ, ಹೆಂಡತಿಗೆ ನಿಜ ಹೇಳುವಂತಿಲ್ಲ. ಪಾಪ, ಬಾಯಿಬಿಟ್ಟು ಹೇಳಲು ಅವನಿಗೆ ಉಳಿದಿದ್ದು ಪುಕ್ಕಟೆ ಅನ್ನುವ ಒಂದೇ ಕಾರಣ.

ಆ ಸಾಲನ್ನು ಅವಳು ತಾಯಿಗೆ ಓದಿ ಹೇಳಲಿಲ್ಲ. "ಅವ್ವ, ನಾನು ಸಾಗರಕ್ಕೆ ಹೋಗ್ತೀನಿ. ಬಾಣಂತನ ಮಾತ್ರ ನೀನೇ ಮಾಡ್ಬೇಕು. ಅಲ್ಲಿಗೇ ಬಾ," ಎಂದಳು.

ಕೆರಿಯಮ್ಮ ಮಗಳ ಒದ್ದೆ ಕಣ್ಣನ್ನೂ ಕೈಯಲ್ಲಿದ್ದ ಕಾಗದವನ್ನೂ ನೋಡಿದಳು. ಹರಿದ ಬಟ್ಟೆಗಳನ್ನು ಒಂದೊಂದಾಗಿ ಮಡಿಸತೊಡಗಿದಳು.

ಅಂಜನಪ್ಪ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದ. ಅವಳು ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತಳು.

"ಜ್ವರ ಅಂದಿದ್ರಿ..."

ಅವನು ಬೆಚ್ಚಿ, ಅವಳ ಕೈಯಲ್ಲಿ ಬಿಚ್ಚಿದ್ದ ಅರ್ಜಿಯನ್ನು ನೋಡಿದ. "ನೀನು ಓದಬಾರದಿತ್ತು."

"ನೀವು ನೋಡಿದ್ರಾ?"

"ಹೊರಗೆ ಕೂರ್ಸಿದ್ರು. ನಾಕು ವರ್ಷ ನಂಗೆ. ಬೆಳಗಿಂದ ಅವ್ವ ಕೂಗ್ತಿದ್ಲು. ಆಮೇಲೆ ಕೂಗ್ಲಿಲ್ಲ." ಅವನು ಅಂಗೈ ನೋಡಿಕೊಂಡ. ಗೂಡಿನ ಬಿಸಿಗೆ ಬೊಬ್ಬೆ ಎದ್ದು ಗಟ್ಟಿಯಾದ ಕೈ. "ಹೆಂಡ್ತಿ ಹೆರಿಗೇನೂ ನೋಡ್ಕೊಳ್ತಾರೆ ಅಂತ ಯಾರೋ ಅಂದ್ರು. ಎತ್ತು ಮಾರಿ ಸೇರ್ಕೊಂಡೆ. ಮದ್ವೆಗೆ ಮುಂಚೇನೇ ಹೆಸ್ರು ಬರೀರಿ ಅಂದಿದ್ದಕ್ಕೆ ಗುಮಾಸ್ತ ನಕ್ಕ."

"ನಾನು ನಿಮ್ಮನ್ನ ಜುಗ್ಗ ಅನ್ಕೊಂಡೆ."

"ಅನ್ಕೊ. ನೀನು ಉಳಿದ್ರೆ ಸಾಕು ನಂಗೆ."

ಹೂವಮ್ಮನ ಕಣ್ಣು ತುಂಬಿ ಬಂತು. ಅವನ ಜೇಬಿನ ಪೆನ್ನು ತೆಗೆದು, ಅದೇ ಗಟ್ಟಿ ಅಂಗೈಯ ಮೇಲೆ ಅರ್ಜಿ ಹಾಸಿ ರುಜು ಹಾಕಿದಳು. ಅಕ್ಷರ ಸೊಟ್ಟಗಾದವು.

"ಅತ್ತೆ?"

"ಗಂಟು ಕಟ್ತಿದಾಳೆ. ಅವಳೂ ಬರ್ತಾಳೆ."

ಅವನು ಅರ್ಜಿ ಮಡಚಲು ಹೋದ. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಇಷ್ಟು ದಿನ ಒಬ್ರೇ ಹೆದರ್ಕೊಂಡು ಇದ್ರಾ?"

"ಹೂಂ."

"ಇನ್ನು ಬ್ಯಾಡ. ಹೆದರಿಕೆ ಆದ್ರೆ ನಂಗೂ ಹೇಳಿ. ಇಬ್ರೂ ಕೂತು ಹೆದರೋಣ."