ಅಡುಗೆಮನೆಯ ನಾಲ್ಕನೆಯ ಸಿಲಿಂಡರು

ಮಾರ್ಚ್ ಹದಿನೇಳನೆಯ ತಾರೀಖು ಹೋಟೆಲಿನಲ್ಲಿ ಬೆಂಕಿ ನಂದಿಸುವ ಸಿಲಿಂಡರುಗಳು ನಾಲ್ಕಿದ್ದವು. ಒಂದು ಗಲ್ಲಾಪೆಟ್ಟಿಗೆಯ ಹಿಂದೆ, ಒಂದು ಊಟದ ಹಾಲಿನಲ್ಲಿ, ಒಂದು ಮೆಟ್ಟಿಲ ಬುಡದಲ್ಲಿ. ಈ ಮೂರು ಯಜಮಾನನ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾಲ್ಕನೆಯದು ಅಡುಗೆಮನೆಯಲ್ಲಿ, ದೊಡ್ಡ ಒಲೆಯ ಪಕ್ಕದ ಗೋಡೆಯ ಮೇಲೆ ತೂಗುತ್ತಿತ್ತು. ಒಬ್ಬ ಮನುಷ್ಯನನ್ನು ಕೊಲ್ಲಲು ಅವನಿಗೆ ಅದೊಂದೇ ಸಾಕಾಗಿತ್ತು.

ಅದೇ ಗೋಡೆಯ ಮೇಲೆ ಹಿಂದೆಯೂ ಅಂಥದೇ ಒಂದು ಸಿಲಿಂಡರು ಇತ್ತು. ಹೋಟೆಲು ತೆರೆದ ಮೊದಲ ವರ್ಷ. ಓದು ಮುಗಿಸಿದ ಮಗಳು ಬೇರೆ ಕೆಲಸ ಬೇಡವೆಂದು ಅಪ್ಪನ ಒಲೆಯ ಬಳಿಗೇ ಬಂದಿದ್ದಳು. "ಅಪ್ಪಾ, ನಿಮಗೆ ಉಪ್ಪಿನ ಹದ ಗೊತ್ತು, ನಗೋ ಹದ ಗೊತ್ತಿಲ್ಲ. ಬಂದವರನ್ನ ಮಾತಾಡ್ಸೋದು ನನಗೆ ಬಿಡಿ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತು. ಅಡುಗೆಯವರು ಬಾಗಿಲ ಕಡೆ ಓಡಿದರು. ಅವಳು ಗೋಡೆಯ ಕಡೆ ತಿರುಗಿದಳು. ಆಮೇಲೆ ಸಿಕ್ಕಾಗ ಸಿಲಿಂಡರನ್ನು ಕೂಸಿನಂತೆ ಅಪ್ಪಿಕೊಂಡೇ ಬಿದ್ದಿದ್ದಳು. ಕಾವಿಗೆ ಅದರ ತಲೆ ಕರಗಿಹೋಗಿತ್ತು. ಒಳಗೇನಿತ್ತು, ಏನಿರಲಿಲ್ಲ ಎಂಬುದನ್ನು ಹೇಳುವವರು ಯಾರೂ ಉಳಿದಿರಲಿಲ್ಲ.

ತನಿಖೆಯವರು ಆಕಸ್ಮಿಕವೆಂದು ಬರೆದು ಕೈತೊಳೆದುಕೊಂಡರು. ಯಜಮಾನ ಒಪ್ಪಲಿಲ್ಲ. ತುಂಬಿದ ಸಿಲಿಂಡರು ಬಾಣಲೆಯ ಬೆಂಕಿಯನ್ನು ನಂದಿಸುತ್ತದೆ. ಇದು ನಂದಿಸಲಿಲ್ಲ. ಆದ್ದರಿಂದ ಇದು ತುಂಬಿರಲಿಲ್ಲ. ಖಾಲಿ ಡಬ್ಬಕ್ಕೆ ಕೆಂಪು ಬಣ್ಣ ಬಳಿದು, 'ಸುಸ್ಥಿತಿಯಲ್ಲಿದೆ' ಎಂಬ ಚೀಟಿ ಅಂಟಿಸಿ ಮಾರಿದವನೇ ಮಗಳನ್ನು ಕೊಂದವನು. ಇಷ್ಟು ಸರಳವಾದ ಲೆಕ್ಕಕ್ಕೆ ತಾಳೆ ನೋಡುವ ಅಗತ್ಯವೇ ಅವನಿಗೆ ಕಾಣಲಿಲ್ಲ.

ಅಡುಗೆಮನೆಯನ್ನು ಮತ್ತೆ ಕಟ್ಟಿಸಿದಾಗ ಸಿಲಿಂಡರುಗಳಿಗೆ ಅದೇ ಮನುಷ್ಯನಿಗೆ ಹೇಳಿಕಳಿಸಿದ. ಹೆಂಡತಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಮೇಲೆದ್ದಳು.

"ಊರಲ್ಲಿ ಬೇರೆ ಯಾರೂ ಇರಲಿಲ್ವಾ? ಅವನ ಮುಖ ನೋಡಿದ್ರೆ ನನ್ನ ಹೊಟ್ಟೆಗೆ ಕೊಳ್ಳಿ ಇಟ್ಟಹಾಗಾಗುತ್ತೆ."

"ತಪ್ಪು ಮಾಡಿದವನಿಗೇ ಅದನ್ನ ಸರಿಮಾಡೋ ಅವಕಾಶ ಕೊಡಬೇಕು ಕಣೇ."

ಈ ಮಾತು ಬಾಯಿಂದ ಬಾಯಿಗೆ ಹರಡಿತು. ದೊಡ್ಡ ಮನಸ್ಸಿನವನೆಂದು ಜನ ಹೊಗಳಿದರು. ಅವನಿಗೆ ಬೇಕಾಗಿದ್ದುದೂ ಅದೇ. ಕ್ಷಮಿಸಿದವನ ಮೇಲೆ ಯಾರೂ ಸಂಶಯಪಡುವುದಿಲ್ಲ.

ಉಪಾಯದ ಸೊಗಸು ಇದ್ದುದು ಅವನು ಮಾಡದೆ ಬಿಟ್ಟ ಕೆಲಸದಲ್ಲಿ. ನಾಲ್ಕನೆಯ ಸಿಲಿಂಡರನ್ನು ಅವನು ತೂಗಿ ನೋಡಲಿಲ್ಲ, ಬಿಚ್ಚಲಿಲ್ಲ, ಕೆಡಿಸಲಿಲ್ಲ. ಹೊಸ ಅಡುಗೆಮನೆಯ ಮೊದಲ ವಾರ್ಷಿಕ ತಪಾಸಣೆಗೆ ಆ ಮನುಷ್ಯ ಬರುವುದು ಹೋಟೆಲಿಗೆ ರಜೆಯಿರುವ ದಿನ. ಒಲೆಯ ಮೇಲೆ ಬಾಣಲೆ ತುಂಬ ಎಣ್ಣೆ ಹೊಗೆಯ ಅಂಚಿನಲ್ಲಿ ಕಾಯುತ್ತಿರಬೇಕು. ಅವನನ್ನು ಮೊದಲು ಒಳಗಿನ ಉಗ್ರಾಣಕ್ಕೆ ಕಳಿಸಬೇಕು. ಉಗ್ರಾಣದಿಂದ ಹೊರಬರುವ ದಾರಿ ಒಲೆಯ ಮುಂದೆಯೇ. ಅಡುಗೆಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ. ಎಲ್ಲ ಮುಗಿದ ಮೇಲೆ ಅದನ್ನು ಸರಿಸಿ ಬೊಬ್ಬೆ ಹಾಕಿದರಾಯಿತು. ಅವನ ಕೈಗೆ ಸಿಗುವುದು ಅವನೇ ಮಾರಿದ ಸಿಲಿಂಡರು. ಪ್ರಾಮಾಣಿಕನಾಗಿದ್ದರೆ ಬದುಕಿಕೊಳ್ಳುತ್ತಾನೆ. ಇದನ್ನು ಕೊಲೆ ಎನ್ನಲಾಗದು, ಪರೀಕ್ಷೆ ಎನ್ನಬೇಕು ಎಂದು ಯಜಮಾನ ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ.

ಸಿಲಿಂಡರಿನವನು ಹೇಳಿದ ಹೊತ್ತಿಗೇ ಬಂದ. ಹೆಗಲಿಗೆ ಚೀಲ, ಸೊಂಟದಲ್ಲಿ ಸಲಕರಣೆಯ ಪಟ್ಟಿ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮಿರಮಿರನೆ ಮಿಂಚುವ ಗೋಡೆಗಳನ್ನು ನೋಡಿದ.

"ಏನ್ ಯಜಮಾನ್ರೇ, ಆಸ್ಪತ್ರೆ ಇದ್ದಹಾಗಿದೆ! ಇಲ್ಲಿ ಬೆಂಕಿಗೂ ಕೈ ತೊಳ್ಕೊಂಡೇ ಒಳಗೆ ಬರಬೇಕು ಅನ್ಸುತ್ತೆ."

ಯಜಮಾನ ನಗಲಿಲ್ಲ. ಆ ಮನುಷ್ಯನ ನಗುವೂ ಅರ್ಧಕ್ಕೇ ಆರಿತು.

"ನಿಮ್ಮ ಮಗಳು, ಆ ತಾಯಿ, ನನಗೆ ಟೀ ಕೊಡದೆ ಯಾವತ್ತೂ ಕಳಿಸ್ತಿರಲಿಲ್ಲ" ಎಂದ, ನೆಲ ನೋಡುತ್ತ. "ನೀವು ಮತ್ತೆ ನನ್ನನ್ನೇ ಕರೆದ್ರಲ್ಲ... ಹೇಗೆ ಹೇಳಲಿ? ಎಣ್ಣೆ ಯಾಕೆ ಇಷ್ಟು ಕಾಯ್ತಿದೆ?"

"ಸಂಜೆಗೆ ಒಂದು ಆರ್ಡರ್ ಇದೆ. ಅದನ್ನ ನಾನು ನೋಡ್ಕೋತೀನಿ. ಉಗ್ರಾಣದಲ್ಲಿ ಗ್ಯಾಸ್ ವಾಸನೆ ಬಂದಹಾಗಿದೆ, ಮೊದಲು ಅಲ್ಲಿ ನೋಡಿ."

ಅವನು ಉಗ್ರಾಣದೊಳಗೆ ಹೋದ. ಯಜಮಾನ ಉರಿಯನ್ನು ಪೂರ್ತಿ ತಿರುವಿ, ಹೊರಗೆ ಬಂದು, ಸದ್ದಾಗದಂತೆ ಚಿಲಕ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ಬಾಗಿಲ ಸಂದಿಯಲ್ಲಿ ಕೆಂಪು ಬೆಳಕು ಕುಣಿಯಿತು. ಒಳಗಿನಿಂದ ಕೂಗು, ಕೆಮ್ಮು, ಪಾತ್ರೆ ಉರುಳಿದ ಸದ್ದು. ಆಮೇಲೆ ಲೋಹ ಗೋಡೆಗೆ ಬಡಿದ ಸದ್ದು. ಸಿಲಿಂಡರನ್ನು ಇಳಿಸಿಕೊಂಡ, ಎಂದುಕೊಂಡ ಯಜಮಾನ. ಅನಂತರ ಏನೂ ಕೇಳಿಸಲಿಲ್ಲ. ಮಗಳೂ ಇಷ್ಟೇ ಹೊತ್ತು ಹೀಗೇ ನಿಂತಿದ್ದಳೇ? ಆ ಮೌನದಲ್ಲಿ ಅವನು ಗೆಲುವನ್ನು ಹುಡುಕಿದ. ಸಿಕ್ಕಿದ್ದು ಅವಳ ಹಳೆಯ ಮಾತೊಂದೇ, ನಗುವ ಹದದ್ದು. ಅವನು ಬಾಗಿಲಿಗೆ ಹಣೆಯಿಟ್ಟು ಕಣ್ಣು ಮುಚ್ಚಿದ.

ಆಗ ಒಳಗೆ ಬುಸ್ಸೆಂದು ದೀರ್ಘವಾದ ಸದ್ದಾಯಿತು. ಸಂದಿಯ ಕೆಂಪು ಮಸುಕಾಗಿ ಅಳಿಸಿಹೋಯಿತು. "ಯಜಮಾನ್ರೇ! ಹೆದರಬೇಡಿ, ಆರಿಹೋಯ್ತು!" ಎಂದು ಆ ಮನುಷ್ಯ ಕೆಮ್ಮುತ್ತಲೇ ಬಾಗಿಲು ಬಡಿದ. "ಸಿಲಿಂಡರ್ ಭರ್ತಿ ಇತ್ತು, ಜೀವ ಉಳೀತು. ಆದ್ರೆ ಮೊದಲು ಎಳೆದು ತೆಗೀಬೇಕಾದ ಪಿನ್ನಿಗೇ ತಂತಿ ಸುತ್ತಿದ ಪುಣ್ಯಾತ್ಮ ಯಾರು? ಸೊಂಟದಲ್ಲಿ ಕಟಿಂಗ್ ಪ್ಲೇಯರ್ ಇತ್ತು, ಕತ್ತರಿಸಿದೆ. ಬರಿಗೈಲಿ ಬಿಚ್ಚೋದು ಯಾರಿಂದಲೂ ಆಗ್ತಿರಲಿಲ್ಲ!" ಗೋಡೆ ಒರೆಸುವಾಗ ಬಟ್ಟೆಗೆ ಸಿಕ್ಕಿ ಪಿನ್ನು ಕಳಚುತ್ತದೆಂದು, ಒಮ್ಮೆ ಹಾಗೆ ಕಳಚಿ ಒಂದು ಹೊತ್ತಿನ ಅಡುಗೆಯೆಲ್ಲ ನೊರೆಯ ಪಾಲಾಯಿತೆಂದು, ಮೂರು ಸುತ್ತು ತಂತಿ ಹೊಸೆದು ಬಿಗಿದವನು ಯಜಮಾನನೇ. ಆಮೇಲೆ ಸುಟ್ಟುಹೋದ ಆ ಹಳೆಯ ಅಡುಗೆಮನೆಯಲ್ಲಿ ಬಿಗಿದಿದ್ದ; ಹೊಸ ಸಿಲಿಂಡರು ಗೋಡೆಗೇರಿದ ದಿನವೇ, ತಲೆಯನ್ನು ಕೇಳದೆ, ಅವನ ಕೈ ಇಲ್ಲಿಯೂ ಬಿಗಿದಿತ್ತು. ಮಗಳ ಸೊಂಟದಲ್ಲಿ ಪ್ಲೇಯರ್ ಇರಲಿಲ್ಲ. "ಬಾಗಿಲು ತೆಗೀರಿ ಯಜಮಾನ್ರೇ, ಯಾರೋ ಹೊರಗಿಂದ ಚಿಲಕ ಹಾಕ್ಬಿಟ್ಟಿದ್ದಾರೆ!" ಯಜಮಾನನ ಕೈ ಚಿಲಕದ ಮೇಲೆಯೇ ಇತ್ತು. ತೀರಿಸಲೇಬೇಕೆಂದು ಹೊರಟಿದ್ದ ಋಣ ಒಂದು ಕೂದಲೆಳೆಯಷ್ಟೂ ತೀರದೆ ಉಳಿದಿತ್ತು; ತೀರಿಸಬೇಕಾದವನು ಮಾತ್ರ ಬಾಗಿಲಿನ ಈ ಕಡೆ ನಿಂತಿದ್ದ.