ಹಲಸೂರಿನ ರಂದಾ ಮೆಷಿನ್

“ಇದನ್ನ ತಗೋಬೇಡಿ,” ಎಂದ ಸೇಲ್ಸ್‌ಮನ್ನನ ಮುಖವನ್ನು ಹಂಸ ಸರಿಯಾಗಿ ನೋಡಿದಳು. ಶಿವಾಜಿನಗರದ ಮೆಷಿನರಿ ಅಂಗಡಿಗಳಲ್ಲಿ ಈ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

“ಯಾಕೆ? ನಿಮ್ಮಂಗಡೀದೇ ಅಲ್ವಾ?”

“ನಾನು ಅಂಗಡಿಯೋನಲ್ಲ ರೀ. ಬೆಲ್ಟ್ ತಗೊಳ್ಳೋಕೆ ಬಂದೋನು.”

ಅವನು ಬಗ್ಗಿ ಮೆಷಿನ್ನಿನ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟ. ಹೊರಗೆಲ್ಲ ಕನ್ನಡಿಯಂಥ ಪೇಂಟು. ಒಳಗೆ ತೆಳು ತಗಡು, ಅರೆಬರೆ ಬೆಸುಗೆ. “ಕಾಣದಿರೋ ಕಡೆ ಹೆಂಗೆ ಕೆಲ್ಸ ಮಾಡಿದಾರೆ ಅನ್ನೋದನ್ನ ಮೊದ್ಲು ನೋಡ್ಬೇಕು.”

ಅಷ್ಟರಲ್ಲಿ ಅಂಗಡಿಯವನು ಬಂದ. ಮರುಕ್ಷಣ ಇಬ್ಬರೂ ಬೀದಿಯಲ್ಲಿದ್ದರು. ಬೆಲ್ಟು ಸಿಗಲಿಲ್ಲ.

ಬೆಲ್ಟಿಗೆ ಬಂದವನ ಹೆಸರು ಸುಗತ. ಅವನದು ಮರಗೆಲಸದ ಮೆಷಿನ್‌ಗಳ ರಿಪೇರಿ. ಲಿಂಗರಾಜಪುರದಲ್ಲಿ ಮಹಡಿ ಮೇಲೊಂದು ಪುಟ್ಟ ಮನೆ. ಅಮ್ಮ ತೀರಿಕೊಂಡ ಮೇಲೆ ಮನೆ ಪುಟ್ಟದಾಗಿಯೇ ಉಳಿದು ಭಾನುವಾರಗಳು ಮಾತ್ರ ದೊಡ್ಡದಾಗಿದ್ದವು. ಒಬ್ಬನಿಗೆಂದು ಮಾಡಿದ ಸಾರು ಬುಧವಾರದವರೆಗೂ ಬರುತ್ತಿತ್ತು. ಅಡುಗೆಮನೆಯಲ್ಲಿ ಅವನು ಒಮ್ಮೊಮ್ಮೆ ಗಟ್ಟಿಯಾಗಿ ಏನಾದರೂ ಹೇಳುವುದಿತ್ತು. ಕುಕ್ಕರ್ ತನಗೆ ತೋಚಿದಾಗ ಉತ್ತರ ಕೊಡುತ್ತಿತ್ತು.

ಹಂಸಳಿಗೆ ಬೇಕಿದ್ದದ್ದು ಒಂದು ರಂದಾ ಮೆಷಿನ್, ಹಲಗೆಯನ್ನು ಹೆರೆದು ನುಣುಪು ಮಾಡುವಂಥದ್ದು. ಕೆ.ಆರ್. ಪುರದ ತವರುಮನೆಯ ಹಿಂದೆ ಒಂದು ಶೆಡ್ ಇತ್ತು. ಅಣ್ಣ ಜಗನ್ ಅದನ್ನು ಗೋಡೌನಿಗೆ ಬಾಡಿಗೆ ಕೊಡಬೇಕೆಂದಿದ್ದ. ಒಂದು ನರ್ಸರಿ ಶಾಲೆಯ ಬೆಂಚುಗಳ ಕೆಲಸ ಅವಳ ಕೈಯಲ್ಲಿತ್ತು. ಶಾಲೆ ಶುರುವಾಗುವುದರೊಳಗೆ ಅದು ಮುಗಿದರೆ ಶೆಡ್ ಅವಳದು, ಇಲ್ಲದಿದ್ದರೆ ಗೋಡೌನಿನವರದು.

“ಸೆಕೆಂಡ್ ಹ್ಯಾಂಡ್ ನೋಡೋಣ ಅಂತಿದೀನಿ. ನೀವು ಬಂದು ಹೇಳ್ತೀರಾ? ಭಾನುವಾರ ಫ್ರೀ ಇದೀರಾ?”

“ನೋಡ್ಬೇಕು,” ಎಂದ ಸುಗತ, ಬಹಳ ಬೇಡಿಕೆಯಿರುವವನ ಹಾಗೆ.

ಹಲಸೂರಿನಲ್ಲಿ ಬಾಗಿಲು ಮುಚ್ಚಿದ ಫರ್ನಿಚರ್ ಅಂಗಡಿಯೊಂದರ ಮೆಷಿನ್ ಮಾರಾಟಕ್ಕಿತ್ತು. ಸುಗತ ಸ್ಪ್ಯಾನರಿನಿಂದ ಅದರ ಮೈಯನ್ನು ಅಲ್ಲಲ್ಲಿ ತಟ್ಟಿದ.

“ಕೇಳಿ. ಬೀಡು ಕಬ್ಬಿಣ ಗಟ್ಟಿ ಇದ್ರೆ ಗಂಟೆ ಥರ ಅನ್ನುತ್ತೆ. ಬಿರುಕಿದ್ರೆ ಒಡೆದ ಮಡಕೆ.”

ಉಕ್ಕಿನ ಪಟ್ಟಿಯನ್ನು ಮೆಷಿನ್ನಿನ ಮೇಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ, ಅಡಿಯಲ್ಲಿ ಬೆಳಕು ತೂರುತ್ತದೆಯೇ ಎಂದು ಇಬ್ಬರೂ ಬಗ್ಗಿ ನೋಡಿದರು. ಬೆಳಕು ತೂರಲಿಲ್ಲ. ಆ ಕಡೆಯಿಂದ ಅವಳ ಕಣ್ಣುಗಳು ಮೇಜಿನ ಮಟ್ಟಕ್ಕೆ ಸರಿಯಾಗಿ ಕಂಡವು.

ಮೋಟಾರ್ ಹಾಕಿ, ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಅವಳ ಕಿವಿಗೆ ಕೊಟ್ಟ.

“ಕಣ್ ಮುಚ್ಕೊಳಿ. ಚೆನ್ನಾಗಿ ಕೇಳ್ಸುತ್ತೆ.”

ಅವಳು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಒಂದನ್ನು ಮಾತ್ರ ತೆರೆದಳು.

“ನೀವ್ ಮುಚ್ಚಿಲ್ಲ.”

“ನಂಗೆ ಅಭ್ಯಾಸ ಇದೆ,” ಎಂದು ಅವನು ಅರ್ಥವಿಲ್ಲದ ಉತ್ತರ ಕೊಟ್ಟ.

ಬೇರಿಂಗ್ ನಿದ್ದೆಯಲ್ಲಿರುವ ಮಗುವಿನಷ್ಟು ಸಮನಾಗಿ ಉಸಿರಾಡುತ್ತಿತ್ತು. ಇಷ್ಟು ಒಳ್ಳೆಯ ಮೆಷಿನ್ ಅವನು ಕಂಡು ಎಷ್ಟೋ ಕಾಲವಾಗಿತ್ತು. ಇದನ್ನು ಇವಳು ಕೊಳ್ಳುತ್ತಾಳೆ, ಥ್ಯಾಂಕ್ಸ್ ಅನ್ನುತ್ತಾಳೆ, ಆಟೋ ಹತ್ತುತ್ತಾಳೆ. ಆಮೇಲೆ ಸಾರು.

“ಹೆಂಗಿದೆ?”

“ಶಾಫ್ಟಲ್ಲಿ ಆಟ ಇದೆ.”

“ಅಂದ್ರೆ?”

“ಸಡ್ಲ ಆಗಿದೆ. ನಿಂತ್ಕಡೆ ನಿಲ್ಲಲ್ಲ. ಹಲಗೆ ಹಾಳು ಮಾಡುತ್ತೆ.”

“ಅಯ್ಯೋ. ಮುಂದಿನ ಭಾನುವಾರ ಬೇರೆ ನೋಡೋಣ್ವಾ?”

“ನೋಡ್ಬೇಕು,” ಎಂದ ಸುಗತ.

ಸುಳ್ಳು ಹುಟ್ಟಿಸುವ ಪ್ರತಿಭೆ ತನ್ನಲ್ಲಿದೆಯೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಇಂದಿರಾನಗರದಲ್ಲಿ ತನ್ನಷ್ಟೇ ವಯಸ್ಸಾಗಿದ್ದ ಮೆಷಿನ್ನೊಂದಕ್ಕೆ, “ಎರಕ ಇನ್ನೂ ಹೊಸದು, ಹದಕ್ಕೆ ಬಂದಿಲ್ಲ” ಎಂದುಬಿಟ್ಟ.

ಅದಾದ ಮೇಲೆ ಕಾಫಿ ಕುಡಿಯುವಾಗ ಹಂಸ ಹೇಳಿದಳು: “ಗಂಡನ ಮನೇಲಿ ಫರ್ನಿಚರ್ ಕೆಲ್ಸ ಇತ್ತು. ಬಿಟ್ಟು ಬರೋವಾಗ ಏನೂ ತರ್ಲಿಲ್ಲ. ಕೆಲ್ಸ ಕೈಗೆ ಹತ್ತಿತ್ತಲ್ಲ, ಅದೊಂದು ಜೊತೆಗೆ ಬಂತು.” ಲೋಟವನ್ನು ತಿರುಗಿಸುತ್ತ ಮತ್ತೆ ಅಂದಳು: “ಈಗ ಮನೆ ತುಂಬ ಜನ. ಆದ್ರೂ ಊಟಕ್ಕೆ ಕೂತ್ರೆ ಒಬ್ಳೇ ಕೂತಂಗಿರುತ್ತೆ.”

ಸುಗತನಿಗೆ ಹೇಳಬೇಕಾದ್ದು ಬಹಳವಿತ್ತು. “ಕಾಫಿ ಆರೋಗುತ್ತೆ,” ಎಂದ.

ಮುಂದಿನ ಮೆಷಿನ್ ಟಿನ್ ಫ್ಯಾಕ್ಟರಿಯ ಹಿಂದಿನ ಒಂದು ಗ್ಯಾರೇಜಿನಲ್ಲಿತ್ತು. ಗಿಣಿ ಹಸಿರು ಬಣ್ಣ ಇನ್ನೂ ವಾಸನೆ ಬರುತ್ತಿತ್ತು. ಸುಗತ ಸ್ಪ್ಯಾನರಿನಿಂದ ತಟ್ಟುತ್ತ ಬಂದು ಒಂದು ಮೂಲೆಯಲ್ಲಿ ನಿಂತ. ಇನ್ನೊಮ್ಮೆ ತಟ್ಟಿದ.

“ಇದನ್ನ ತಗೋಬೇಡಿ.”

ಹಂಸ ನಕ್ಕಳು. ಆ ನಗು ಅವನಿಗೆ ಹಿಡಿಸಲಿಲ್ಲ.

“ಹಲಸೂರಿನ ಮೆಷಿನ್ನ ಶಿವಾಜಿನಗರದ ಹಳೇ ಮೆಷಿನ್ ಅಂಗಡಿ ಮುಬೀನ್ ಭಾಯ್ ತಗೊಂಡ್ರಂತೆ. ಮಾರಿದೋರೇ ಫೋನಲ್ಲಿ ಹೇಳಿದ್ರು. ಶಾಫ್ಟಲ್ಲಿ ಒಂದು ಕೂದಲೆಳೆಯಷ್ಟೂ ಆಟ ಇಲ್ವಂತೆ.”

ಸುಗತ ಸ್ಪ್ಯಾನರನ್ನು ನೋಡಿದ. ಅದರಿಂದ ಏನೂ ಸಹಾಯವಾಗಲಿಲ್ಲ.

“ಹಂಗಾದ್ರೆ ಆಟ ಇದ್ದಿದ್ದು ಎಲ್ಲಿ, ಸುಗತ ಅವ್ರೇ?”

“ನನ್ನಲ್ಲಿ,” ಎಂದ ಅವನು. “ಅದು ಒಳ್ಳೆ ಮೆಷಿನ್ನು. ಇಂದಿರಾನಗರದ್ದೂ ಒಳ್ಳೇದೇ. ನೀವು ತಗೊಂಡ್ಬಿಟ್ರೆ ಮುಂದಿನ ವಾರ ನನ್ನ ಕರೆಯಲ್ವಲ್ಲ ಅಂತ...”

ಅವಳ ಮುಖದಲ್ಲಿ ಏನೋ ಮೃದುವಾಗಿ, ಕೂಡಲೇ ಗಟ್ಟಿಯಾಯಿತು.

“ನಮ್ಮಣ್ಣ ಶೆಡ್ಡಿಗೆ ಹೊಸ ಬೀಗ ತಂದಿಟ್ಟಿದಾನೆ. ನಿಮ್ಮ ಭಾನುವಾರಕ್ಕೆ ನನ್ನ ಶೆಡ್ ಅಡ ಇಟ್ರಾ?”

“ತಪ್ಪಾಯ್ತು. ಆದ್ರೆ ಇದು ನಿಜವಾಗ್ಲೂ ಕೆಟ್ಟಿದೆ.”

“ನಿಮ್ಮನ್ನ ನಂಬ್ಲಾ?”

“ಬೇಡ. ನೀವೇ ನೋಡಿ. ನಾನು ಆಚೆ ಇರ್ತೀನಿ.”

ಸ್ಪ್ಯಾನರನ್ನು ಅವಳ ಕೈಗಿಟ್ಟು ರಸ್ತೆಗೆ ಬಂದು ನಿಂತ. ಬಸ್ಸುಗಳ ಹಾರನ್ನಿನ ನಡುವೆ ಕಿವಿಗೊಟ್ಟು ಕೇಳಿದ: ಗಂಟೆ, ಗಂಟೆ, ಗಂಟೆ... ಮಡಕೆ. ಮತ್ತೆ ಮಡಕೆ. ಬಳಿಕ ಪೇಂಟ್ ಕೆರೆಯುವ ಸದ್ದು, ಮಾರುವವನ ಕೂಗಾಟ.

ಹಂಸ ಹೊರಬಂದಾಗ ಅವಳ ಉಗುರಿನಲ್ಲಿ ಹಸಿರಿತ್ತು. “ಬಿರುಕು ಬಿಟ್ಟಿದೆ. ಪುಟ್ಟಿ ತುಂಬಿ ಬಣ್ಣ ಬಳಿದಿದಾರೆ.” ಸ್ಪ್ಯಾನರನ್ನು ಹಿಂದಿರುಗಿಸಿದಳು. “ಇನ್ಮೇಲೆ ನಾನೇ ನೋಡ್ಕೋತೀನಿ. ನೀವು ಬರೋದು ಬೇಡ.”

ಅವಳು ಹತ್ತಿದ ಆಟೋ ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ಅಲ್ಲೇ ನಿಂತಿತ್ತು. ಅವಳು ತಿರುಗಿ ನೋಡಲಿಲ್ಲ. ಅವನು ಹೊರಡಲೂ ಇಲ್ಲ.

ಭಾನುವಾರಗಳು ಮತ್ತೆ ದೊಡ್ಡದಾದವು. ಒಂದು ದಿನ ತಡೆಯಲಾರದೆ ಸುಗತ ಮುಬೀನ್ ಭಾಯ್ ಅಂಗಡಿಗೆ ಹೋಗಿ, ಹಲಸೂರಿನ ಮೆಷಿನ್ನನ್ನು ಬೇರೆ ಯಾರಿಗೂ ಕೊಡಬೇಡಿ, ಒಬ್ಬರಿಗೆ ಬೇಕು ಎಂದ.

“ಅರೆ ಭಾಯ್, ಅದು ಹೋಗ್ಬಿಡ್ತು! ಕೇಆರ್ ಪುರಮ್ದು ಮೇಡಂ ತಗೊಂಡ್ರು. ಏನ್ ಟೆಸ್ಟ್ ಮಾಡಿದ್ರು ಅಂತೀಯಾ! ಸ್ಕ್ರೂಡ್ರೈವರ್ ಕಿವೀಗೆ ಇಟ್ಕೊಂಡು, ಕಣ್ ಮುಚ್ಕೊಂಡು. ಯಾರು ಕಲಿಸಿದ್ರು ಮೇಡಂ ಅಂತ ನಾನೇ ಕೇಳ್ದೆ.”

“ಏನಂದ್ರು?”

“‘ಒಬ್ರು ಸುಳ್ಳುಗಾರ್ರು’ ಅಂದ್ರು.”

ಸುಳ್ಳುಗಾರ ಅಲ್ಲ, ಸುಳ್ಳುಗಾರರು. ಆ ಬಹುವಚನ ಒಂದನ್ನೇ ನೆಚ್ಚಿಕೊಂಡು, ಮುಬೀನ್ ಭಾಯಿಂದ ವಿಳಾಸ ಪಡೆದು, ಸುಗತ ಆ ಭಾನುವಾರ ಕೆ.ಆರ್. ಪುರದ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ನೆಪಗಳು ಒಂದರ ಹಿಂದೊಂದು ಬಂದವು. ಬ್ಲೇಡ್ ಸರಿಯಾಗಿ ಕೂತಿದೆಯಾ ನೋಡೋಣ ಅಂತ. ಗ್ರೀಸ್ ಹಾಕೋದು ತೋರಿಸೋಣ ಅಂತ. ಎಲ್ಲವೂ ಚೆನ್ನಾಗಿದ್ದವು. ಆ ವಿಷಯದಲ್ಲಿ ಅವನ ಕೈ ಈಗ ಪಳಗಿತ್ತು.

ಮನೆಯ ಹಿಂದಿನಿಂದ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಶೆಡ್ಡಿನ ಮುಂದೆ ಬೆಂಚುಗಳು ಒಂದರ ಮೇಲೊಂದು ಕೂತಿದ್ದವು. ಅವನನ್ನು ಕಂಡು ಹಂಸ ಸ್ವಿಚ್ ಆರಿಸಿದಳು. ಉರುಳೆ ನಿಧಾನವಾಗಿ ತಿರುಗಿ ತಿರುಗಿ ನಿಂತಿತು. ಅವಳ ಹುಬ್ಬಿನ ಮೇಲೆಲ್ಲ ಮರದ ಹೊಟ್ಟು.

“ಯಾಕೆ ಬಂದ್ರಿ?”

ಬಾಯಿಗೆ ಬಂದಿದ್ದ ಗ್ರೀಸನ್ನು ಅವನು ನುಂಗಿಕೊಂಡ.

“ಸುಮ್ನೆ.”

ಹಂಸ ಅವನ ಕೈ ನೋಡಿದಳು. ಟೂಲ್ ಬ್ಯಾಗ್ ಇರಲಿಲ್ಲ. ಏನೋ ಹೇಳಲು ಹೊರಟು ತುಟಿ ಕಚ್ಚಿಕೊಂಡಳು. ನಗು ಮಾತ್ರ ಕಣ್ಣಿನವರೆಗೆ ಬಂದೇಬಿಟ್ಟಿತು.

ಹಿತ್ತಲ ಬಾಗಿಲಲ್ಲಿ ಜಗನ್ ಕಾಣಿಸಿಕೊಂಡ. ಸದ್ದು ನಿಂತದ್ದು ಅವನನ್ನು ಎಬ್ಬಿಸಿತ್ತು. “ಯಾರಮ್ಮ ಅದು? ಮೆಷಿನ್ ನೋಡೋಕೆ ಬಂದಿದಾರಾ?”

“ಮೆಷಿನ್ ಅಲ್ಲಣ್ಣ,” ಎಂದಳು ಹಂಸ. “ನನ್ನ ನೋಡೋಕೆ.”

ಜಗನ್ ಗೇಟಿನ ಕಡೆ ನೋಡಿದ. ಹೆಣ್ಣು ನೋಡುವುದಕ್ಕೆಂದರೆ ಹಿಂದೆ ಇನ್ನೂ ಯಾರಾದರೂ ಬರಬೇಕಿತ್ತು. ಯಾರೂ ಬರಲಿಲ್ಲ.

“ಒಬ್ರೇನಾ?”

“ಹೂಂ,” ಎಂದ ಸುಗತ. “ನಾನೊಬ್ನೇ ಇರೋದು.”

ಜಗನ್ ಅವನನ್ನು ನೋಡಿದ, ತಂಗಿಯನ್ನು ನೋಡಿದ. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದ.